ಫೇವಾ ಕೆರೆಯ ಏರಿಯ ಮೇಲೆ

ಪೋಖರಾ, ಶುಕ್ರವಾರ ಸಂಜೆ

1996ನೇ ಇಸವಿ ಅಕ್ಟೋಬರ್ 25, ಶುಕ್ರವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಸ್ಥಳ: ನೇಪಾಳ ದೇಶದ ಪೋಖರಾ ಪಟ್ಟಣ, ಫೇವಾ ಸರೋವರದ ದಂಡೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ ಗೌರಮ್ಮ, ಅವಳ ತಮ್ಮ ನಿಂಗಪ್ಪ.

ಹೀಗೆ ಬರೆದಿಡುವುದು ನನ್ನ ನೌಕರಿಯ ಅಭ್ಯಾಸ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಕೆರೆಗಳ ಮೇಲೆ ಮೂವತ್ತೊಂದು ವರ್ಷ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ದಿನಾಂಕ, ಗಂಟೆ, ಹಾಜರಿದ್ದವರ ಹೆಸರು ಇಲ್ಲದ ಬರಹವನ್ನು ಬರಹವೆಂದು ಒಪ್ಪುವುದು ನನಗೆ ಇಂದಿಗೂ ಕಷ್ಟ. ಆ ದಿನ ಗಂಟೆಯ ವಿಷಯದಲ್ಲೇ ಮೊದಲ ಪೆಟ್ಟು ಬಿತ್ತು. ಲಾಡ್ಜಿನ ಗೋಡೆ ಗಡಿಯಾರ ನಾಲ್ಕು ಮೂವತ್ತೈದು ತೋರಿಸುತ್ತಿತ್ತು. ಗಡಿಯಾರ ಕೆಟ್ಟಿದೆ ಎಂದು ಮ್ಯಾನೇಜರನಿಗೆ ತಿಳಿಸಿದೆ. ಅವನು ನಕ್ಕು, ನಿಮ್ಮ ದೇಶದ ಸಮಯಕ್ಕಿಂತ ನಮ್ಮದು ಕಾಲು ಗಂಟೆ ಮುಂದೆ ಎಂದು ಹಿಂದಿಯಲ್ಲಿ ವಿವರಿಸಿದ. ಒಂದು ಗಂಟೆಯ ವ್ಯತ್ಯಾಸವಾದರೆ ಅರ್ಥವಾಗುತ್ತದೆ. ಕಾಲು ಗಂಟೆಗಾಗಿ ಒಂದು ದೇಶ ಬೇರೆ ಗಡಿಯಾರ ಇಟ್ಟುಕೊಂಡೀತೆಂದು ನಾನು ಎಣಿಸಿರಲಿಲ್ಲ. ನನ್ನ ಕೈಗಡಿಯಾರವನ್ನು ತಿದ್ದಲಿಲ್ಲ. ನಾಲ್ಕು ದಿನಕ್ಕಾಗಿ ಅದನ್ನು ಕೆಡಿಸುವುದೇಕೆ?

ನಾವು ಪಶುಪತಿನಾಥನ ದರ್ಶನಕ್ಕೆಂದು ಊರಿನಿಂದ ಬಸ್ಸು ಮಾಡಿಕೊಂಡು ಹೊರಟ ಯಾತ್ರಿಕರು. ದಾರಿಯಲ್ಲಿ ಎರಡು ರಾತ್ರಿ ಪೋಖರಾದಲ್ಲಿ ತಂಗುವುದೆಂದು ಯಾತ್ರೆ ನಡೆಸುವವನು ಗೊತ್ತುಮಾಡಿದ್ದ. ಉಳಿದವರೆಲ್ಲ ಬಿಸಿನೀರಿಗೆ ಸಾಲು ನಿಂತಾಗ ನಾವು ಮೂವರು ನೀರು ನೋಡಲು ಬಂದೆವು.

ನೀರಿನಾಚೆ ದಟ್ಟ ಕಾಡಿನ ಗುಡ್ಡ, ನಡುಗಡ್ಡೆಯ ಮೇಲೊಂದು ಎರಡಂತಸ್ತಿನ ಮರದ ಗುಡಿ, ಬಡಗಣಕ್ಕೆ ಆಕಾಶದ ಅರ್ಧದವರೆಗೂ ಹಿಮ. ದಂಡೆಯುದ್ದಕ್ಕೂ ಹೋಟೆಲು, ಕೇಕಿನ ಅಂಗಡಿ, ಬಾಡಿಗೆ ಸೈಕಲ್ಲು. ಚಡ್ಡಿ ತೊಟ್ಟ ಬಿಳಿಯ ಅಜ್ಜಂದಿರನ್ನು ನೋಡಿ ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂದು ಹೋಟೆಲಿನ ಮೋರಿ ನೇರವಾಗಿ ಸರೋವರಕ್ಕೆ ಬೀಳುತ್ತಿತ್ತು. ಅದರ ಪಕ್ಕದಲ್ಲೇ ‘ಸ್ವರ್ಗದ ನೋಟ’ ಎಂಬರ್ಥದ ಬೋರ್ಡು ಹಾಕಿದ್ದರು. ನಮ್ಮ ಕಡೆ ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಎಮ್ಮೆಗೊಂದು ಮೂಲೆ, ಬಟ್ಟೆಗೊಂದು ಮೂಲೆ, ಕುಡಿಯುವ ನೀರಿಗೊಂದು ಮೆಟ್ಟಿಲು ಎಂದು ಗೊತ್ತಿರುತ್ತದೆ.

ನಿಂಗಪ್ಪ ಬೆಟ್ಟದ ಕಡೆ ತಲೆಯೆತ್ತಲೇ ಇಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಮೇಲಿನ ಪಾಚಿಯ ಗೆರೆಯನ್ನು ಬೆರಳಿನಿಂದ ಮುಟ್ಟಿದ. ನೀರಿನೊಳಗೆ ನಿಂತು ಸತ್ತ ಮರದ ಬೊಡ್ಡೆಯನ್ನು ಬಹಳ ಹೊತ್ತು ನೋಡಿದ.

“ಇದು ತಡೆದ ನೀರು ರೀ, ಸಾಹೇಬ್ರೆ. ಎಲ್ಲೋ ಏರಿ ಐತಿ.”

ಇದು ಸರೋವರ, ಕೆರೆಯಲ್ಲ, ಹಿಮಾಲಯದಲ್ಲಿ ಏರಿ ಕಟ್ಟುವವರು ಯಾರು ಎಂದೆ. ಅವನು ವಾದಿಸಲಿಲ್ಲ. ನನ್ನೊಡನೆ ವಾದಿಸುವುದನ್ನು ಅವನು ಬಿಟ್ಟು ಹದಿನಾರು ವರ್ಷವಾಗಿತ್ತು.

ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆನವಟ್ಟಿ ಪಕ್ಕದ ನಮ್ಮ ಹಳ್ಳಿಯ ದೊಡ್ಡಕೆರೆಗೆ ನಿಂಗಪ್ಪನ ಮನೆಯವರು ತಲೆಮಾರುಗಳಿಂದ ನೀರುಗಂಟಿಗಳು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವರ ಕೆಲಸ. ಕೆರೆ ತುಂಬಿದ ವರ್ಷ ಬಾಗಿನ ಅರ್ಪಿಸುವಾಗ ಮೊದಲ ಮೊರವನ್ನು ನೀರಿಗೆ ಬಿಡುವುದು ನೀರುಗಂಟಿಯ ಕೈ. ಆಮೇಲೆ ಗೌಡರು, ಆಮೇಲೆ ಊರು. ಹದಿನಾರು ವರ್ಷದ ಹಿಂದಿನ ಆಶ್ಲೇಷಾ ಮಳೆಯಲ್ಲಿ ಒಂದು ಬೆಳಗ್ಗೆ ನಿಂಗಪ್ಪ ನನ್ನ ಅಪ್ಪಣೆಯಿಲ್ಲದೆ ಕೋಡಿಗೆ ಅಡ್ಡವಿಟ್ಟ ಹಲಗೆಗಳನ್ನು ಒಡೆದು ನೀರು ಬಿಟ್ಟ. ಕೆಳಗಿನ ಎರಡು ಹಳ್ಳಿಗಳ ನಾಟಿ ಕೊಚ್ಚಿಹೋಯಿತು. ನಾನು ವರದಿ ಬರೆದೆ. ಅವನನ್ನು ತೆಗೆದರು. ತೂಬಿನ ಕೀಲಿಯೂ ಮೊದಲ ಮೊರವೂ ಬೇರೆ ಮನೆಗೆ ಹೋದವು. ಅಂದಿನಿಂದ ನಾನು ಅವನಿಗೆ ಭಾವನಲ್ಲ, ಸಾಹೇಬ. ಊರಿನ ಮಕ್ಕಳು ಅವನ ಮನೆಯನ್ನು ‘ಕೆರೆ ಒಡೆದೋರ ಮನೆ’ ಎನ್ನುತ್ತಾರೆ.

ಈ ಯಾತ್ರೆಗೆ ಅವನನ್ನು ಕರೆತಂದವಳು ಗೌರಮ್ಮ. ಈ ವರ್ಷ ಕೆರೆ ತುಂಬಿತ್ತು. ದೀಪಾವಳಿ ಮುಗಿದ ಮೇಲಿನ ಸೋಮವಾರ ಬಾಗಿನವೆಂದು ಹಿರಿಯರು ಗೊತ್ತುಮಾಡಿದ್ದರು. ಬಾಗಿನದ ಮಾತು ಬಂದಾಗಲೆಲ್ಲ ನಿಂಗಪ್ಪ ಊರು ಬಿಟ್ಟು ಎಲ್ಲಾದರೂ ಹೋಗುತ್ತಿದ್ದ. ಈ ಸಲ ನಮ್ಮೊಡನೆ ಬರಲಿ ಎಂದು ಅವಳು ಹಟ ಹಿಡಿದಳು.

ನಡುಗಡ್ಡೆ, ಶನಿವಾರ ಬೆಳಗ್ಗೆ

ಬೆಳಗ್ಗೆ ಆರಕ್ಕೆ ಎಲ್ಲರೂ ಸೇರಿ ಹೊರಟು, ಹಿಮದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಲು ಗುಡ್ಡ ಹತ್ತುವುದೆಂದು ತೀರ್ಮಾನವಾಗಿತ್ತು. ನಾನು ಐದರಿಂದ ಆರರವರೆಗೆ ಲಿಂಗಪೂಜೆಗೆ ಕೂರುವವನು. ಅಂಗೈಯಲ್ಲಿ ಲಿಂಗ ಹಿಡಿದ ಮೇಲೆ ಆರು ಹೊಡೆಯುವವರೆಗೆ ಮಾತಿಲ್ಲ, ಕಣ್ಣು ತೆರೆಯುವುದಿಲ್ಲ. ನಲವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಅಂದೂ ತಪ್ಪಲಿಲ್ಲ. ಪೂಜೆ ಮುಗಿಸಿ ಬಾಗಿಲು ತೆಗೆದಾಗ ಹೊರಗೆ ಗೌರಮ್ಮ ಮತ್ತು ನಿಂಗಪ್ಪ ಸ್ವೆಟರ್ ಹಾಕಿಕೊಂಡು ಗೋಡೆಗೊರಗಿ ನಿಂತಿದ್ದರು. ನನ್ನ ಗಡಿಯಾರದಲ್ಲಿ ಸರಿಯಾಗಿ ಆರು. ಆ ದೇಶದಲ್ಲಿ ಆರೂ ಕಾಲು. ಬಸ್ಸು ಹೊರಟುಹೋಗಿತ್ತು.

ಬಾಗಿಲು ಬಡಿಯಬಾರದಿತ್ತೇ ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. “ನಿಮ್ಮ ಪೂಜೆ ಹೊತ್ನಾಗೆ ಯಾರು ಬಡೀತಾರ್ರಿ?” ಎಂದು ಗೌರಮ್ಮ ಅಂದಳು. ಅವಳ ದನಿ ವಿಚಿತ್ರವಾಗಿತ್ತು. ನಾನು ಗಮನ ಕೊಡಲಿಲ್ಲ.

ಗುಡ್ಡ ತಪ್ಪಿದ ಮೇಲೆ ದೋಣಿ ಹತ್ತಿದೆವು. ಹುಟ್ಟು ಹಾಕುತ್ತಿದ್ದವಳು ಅರವತ್ತು ದಾಟಿದ ಹೆಂಗಸು, ಮೀನುಗಾರರ ಮನೆಯವಳು. ಹಳೆಯ ಕಾಲದಲ್ಲಿ ಇಲ್ಲಿಗೆ ಮೋಟಾರು ರಸ್ತೆಯೇ ಇರಲಿಲ್ಲವಂತೆ. ಮೊದಲು ಬಂದ ಬಿಳಿಯರು ಉದ್ದ ಕೂದಲಿನವರು, ಅವರಿಗೆ ಇವಳ ಅತ್ತೆ ಬಾರ್ಲಿ ರೊಟ್ಟಿ ಕೊಟ್ಟಿದ್ದಳಂತೆ. ಈಗ ಅವರ ಮಕ್ಕಳು ದೊಡ್ಡ ಹೋಟೆಲಿನಲ್ಲಿ ಇಳಿಯುತ್ತಾರೆ, ರೊಟ್ಟಿ ಕೇಳುವುದಿಲ್ಲ ಎಂದು ನಕ್ಕಳು. ಸರೋವರ ಹುಟ್ಟಿದ ಕಥೆಯನ್ನೂ ಅವಳೇ ಹೇಳಿದಳು. ಇಲ್ಲೊಂದು ಊರಿತ್ತು. ದೇವಿ ಭಿಕ್ಷುಕಿಯಾಗಿ ಬಂದು ಮನೆಮನೆಯ ಬಾಗಿಲು ತಟ್ಟಿದಳು. ಯಾರೂ ತೆರೆಯಲಿಲ್ಲ. ಒಬ್ಬಳು ಬಡವೆ ಮಾತ್ರ ತೆರೆದು ಅನ್ನ ಕೊಟ್ಟಳು. ಅವಳನ್ನು ಗುಡ್ಡ ಹತ್ತಿಸಿ ದೇವಿ ಊರನ್ನೇ ಮುಳುಗಿಸಿದಳು. ಅವಳು ಮುರುಕು ಹಿಂದಿಯಲ್ಲಿ ಹೇಳಿದ್ದನ್ನು ನಾನು ಇವರಿಬ್ಬರಿಗೆ ಕನ್ನಡದಲ್ಲಿ ಹೇಳಿದೆ. ಬಾಗಿಲು ತೆರೆಯದವರ ಮಾತು ಬಂದಾಗ ಗೌರಮ್ಮ ಕೈಯನ್ನು ನೀರಿನಿಂದ ಎಳೆದುಕೊಂಡಳು.

ನಡುಗಡ್ಡೆಯಲ್ಲಿ ಇಳಿದ ಕೂಡಲೇ ಎರಡನೇ ಪೆಟ್ಟು. ಶನಿವಾರ ಆ ದೇವಿಗೆ ಬಲಿಯ ದಿನ. ದೋಣಿ ದೋಣಿಯಲ್ಲಿ ಹುಂಜಗಳು, ಕುರಿಮರಿಗಳು, ಹೊಸ ಬಟ್ಟೆ ತೊಟ್ಟ ಸಂಸಾರಗಳು. ಗುಡಿಯ ಪಕ್ಕದ ಕಲ್ಲು ಒದ್ದೆಯಾಗಿತ್ತು. ಏನಿಂದ ಎಂದು ತಿಳಿಯಲು ನಾನು ಎರಡು ಹೆಜ್ಜೆ ಮುಂದಿಟ್ಟು, ನಾಲ್ಕು ಹೆಜ್ಜೆ ಹಿಂದೆ ಬಂದೆ. ಮೊಟ್ಟೆಯ ವಾಸನೆ ಬಂದರೆ ಪಾತ್ರೆ ತೊಳೆಯುವ ಮನೆ ನಮ್ಮದು. ಅವರಿಗೋ ಅದು ಸಂಭ್ರಮ. ಒಬ್ಬಾಕೆ ನಮ್ಮ ಹಣೆಗೂ ಕುಂಕುಮ ಹಚ್ಚಿ, ಬೆಲ್ಲ ಕೊಟ್ಟು, ಯಾವ ಊರು ಎಂದು ವಿಚಾರಿಸಿದಳು. ಬೆಲ್ಲವನ್ನು ಬೇಡವೆನ್ನಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಗೌರಮ್ಮ ಚೀಲದಿಂದ ಒಂದು ಸಣ್ಣ ಮೊರ ತೆಗೆದಳು. ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ಎಲ್ಲ ಊರಿನಿಂದಲೇ ಹೊಂದಿಸಿ ತಂದಿದ್ದಳು. ನನಗೆ ಹೇಳಿರಲಿಲ್ಲ. ದಂಡೆಗೆ ಬಂದು ಅದನ್ನು ತಮ್ಮನ ಮುಂದೆ ಹಿಡಿದು, “ನೀ ಬಿಡು” ಎಂದಳು.

ನಿಂಗಪ್ಪ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. “ನನ್ ಕೈ ಬ್ಯಾಡಕ್ಕ. ಪರದೇಶದ ಗಂಗವ್ವಗೆ ಯಾಕ್ ಮೈಲಿಗಿ?”

ಹಾಗಾದರೆ ನಾನೂ ಬಿಡುವುದಿಲ್ಲ ಎಂದು ಅವಳು ಮೊರವನ್ನು ಮತ್ತೆ ಚೀಲಕ್ಕೆ ಹಾಕಿದಳು. ಮೂವರೂ ಮತ್ತೆ ದೋಣಿ ಹತ್ತಿದೆವು.

ಏರಿ, ಶನಿವಾರ ಮಧ್ಯಾಹ್ನ

ದೋಣಿಯವಳಿಗೆ ನಮ್ಮ ಮೌನ ಹಿಡಿಸಲಿಲ್ಲವೆಂದು ತೋರುತ್ತದೆ. ಬೇಡವೆಂದರೂ ತೆಂಕಣ ಮೂಲೆಯವರೆಗೆ ಹುಟ್ಟು ಹಾಕಿ ಇಳಿಸಿದಳು. ಅಲ್ಲಿ ಕಂಡದ್ದು ಇಷ್ಟು: ನೀರಿಗೆ ಅಡ್ಡಲಾಗಿ ಕಟ್ಟೆ, ಕಬ್ಬಿಣದ ಗೇಟು, ಆಚೆ ಆಳದಲ್ಲಿ ಕಾಲುವೆ. ನಿಂಗಪ್ಪ ಹೇಳಿದ ಏರಿ ಇತ್ತು.

“ನೋಡ್ರಿ,” ಎಂದನಷ್ಟೇ. ನಗಲಿಲ್ಲ.

ನಮ್ಮಲ್ಲಿ ಏರಿಯ ಮೇಲೆ ಚಪ್ಪಲಿ ಮೆಟ್ಟುವುದಿಲ್ಲ. ನಿಂಗಪ್ಪ ಚಪ್ಪಲಿ ಬಿಟ್ಟ. ಅವನನ್ನು ನೋಡಿ ನಾವೂ ಬಿಟ್ಟೆವು. ಬರಿಗಾಲಲ್ಲಿ ಕಟ್ಟೆಯ ಮೇಲೆ ನಡೆಯುತ್ತಾ ನೀರಳೆಯುವ ಪಟ್ಟಿಯ ಬಳಿ ಬಂದೆವು. ನಿಂಗಪ್ಪ ಬಗ್ಗಿ, ಕಣ್ಣು ಕಿರಿದು ಮಾಡಿ, ನೀರು ಮುಟ್ಟಿದ ಗೆರೆಯನ್ನು ಗಟ್ಟಿಯಾಗಿ ಓದಿದ. ನನ್ನ ಕೈ ತಾನಾಗಿ ಜೇಬಿಗೆ ಹೋಗಿ ಪುಸ್ತಕ ತೆಗೆದು ಬರೆದುಕೊಂಡಿತು. ಬರೆದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಇಪ್ಪತ್ತು ವರ್ಷ ಪ್ರತಿ ಬೆಳಗ್ಗೆ ಅವನು ಓದಿ ನಾನು ಬರೆಯುತ್ತಿದ್ದೆ. ಯಾರದೋ ದೇಶದ ನೀರನ್ನು ನಮಗೆ ಅಳೆಯಲು ಹೇಳಿದವರು ಯಾರು?

ಕಟ್ಟೆಯ ತುದಿಯ ಚಹಾ ಅಂಗಡಿಯವನು ನಮ್ಮ ಬರಿಗಾಲು ನೋಡಿ, ಚಪ್ಪಲಿ ಕಳುವಾಯಿತೇ ಎಂದು ವಿಚಾರಿಸಿ, ತನ್ನ ಹಳೆಯ ಕ್ಯಾನ್ವಾಸ್ ಬೂಟು ಕೊಡಲು ಬಂದ. ಅವನು ನಮ್ಮ ದೇಶದ ಸೈನ್ಯದಲ್ಲಿ ದುಡಿದು ಬಂದ ಗೂರ್ಖಾ ಹವಾಲ್ದಾರ. ಬೆಂಗಳೂರಿನಲ್ಲೂ ಇದ್ದನಂತೆ. ‘ಊಟ ಆಯ್ತಾ’ ಎಂಬ ಒಂದೇ ಕನ್ನಡ ಅವನಿಗೆ ಉಳಿದಿತ್ತು. ಅದನ್ನು ಐದು ಸಲ ಕೇಳಿದ. ಗ್ಲಾಸುಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟಿದ್ದ. ಇಂಥವನ ಮಾತು ನಂಬಬಹುದು ಎಂದುಕೊಂಡೆ.

ಇದು ಸರೋವರವೋ ಕೆರೆಯೋ ಎಂದು ಕೇಳಿದ್ದಕ್ಕೆ, ನಾನೂ ನಿಂಗಪ್ಪನೂ ಇಬ್ಬರೂ ಸರಿ ಎಂದು ಅವನು ತೀರ್ಪು ಕೊಟ್ಟ. ಸರೋವರ ದೇವರದೇ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಭಾರತದ ನೆರವಿನಿಂದ ಕಟ್ಟೆ ಕಟ್ಟಿ ನೀರು ಏರಿಸಿದರು. ಗದ್ದೆಗೆ ನೀರು, ಊರಿಗೆ ದೀಪ. ಆಮೇಲೆ ಅವನು ಚಹಾ ಸೋಸುತ್ತಾ ಸಹಜವಾಗಿ ಇನ್ನೊಂದು ಮಾತು ಹೇಳಿದ: ಇಪ್ಪತ್ತು ವರ್ಷಕ್ಕೂ ಹಿಂದೆ ಆ ಕಟ್ಟೆ ಒಡೆದುಹೋಗಿತ್ತು.

ಅವನು ಆಗ ರಜೆಯ ಮೇಲೆ ಬಂದಿದ್ದನಂತೆ. ನಾವು ಬೆಳಗ್ಗೆ ತೇಲಿಬಂದ ಆ ನೀರೆಲ್ಲ ಖಾಲಿ. ದೋಣಿಗಳು ಕೆಸರಿನಲ್ಲಿ ವಾಲಿ ಮಲಗಿದ್ದವು. ಜನ ಬುಟ್ಟಿ ತಂದು ಮೀನು ಹೆಕ್ಕಿದರು, ಎಮ್ಮೆ ಹೂತುಕೊಂಡಿತು. ಹಿಮದ ಬೆಟ್ಟ ಬಿಂಬ ನೋಡಿಕೊಳ್ಳುತ್ತಿದ್ದ ಜಾಗದಲ್ಲಿ ದನ ಮೇಯಿಸಿದರು. ಮತ್ತೆ ಕಟ್ಟಿ ತುಂಬಿಸಲು ವರ್ಷಗಳೇ ಹಿಡಿದವು. ಈಗಲೂ ಪ್ರತಿ ಮಳೆಗಾಲ ಬೆಟ್ಟದ ಮಣ್ಣು ಬಂದು ತಳ ತುಂಬುತ್ತಿದೆ, ಮೊಮ್ಮಕ್ಕಳ ಕಾಲಕ್ಕೆ ಎಷ್ಟು ಉಳಿಯುತ್ತದೋ ಎಂದ.

ಹೇಗೆ ಒಡೆಯಿತು ಎಂದು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನನಗೆ ಗೊತ್ತಿಲ್ಲ ಎಂದ. ನನ್ನ ನೌಕರಿಯ ಪ್ರಶ್ನೆ ನಾಲಿಗೆಗೆ ಬಂತು. ಅಂಥ ಹೊತ್ತಿನಲ್ಲಿ ಗೇಟು ಎತ್ತಲು ಇಲ್ಲಿ ಯಾರ ಹುಕುಂ ಬೇಕು? ಹವಾಲ್ದಾರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಸಾಹೇಬ್, ಹುಕುಂ ಕೇಳಿಕೊಂಡು ನಾನು ಫೌಜಿನಲ್ಲಿದ್ದೆ. ನೀರು ಫೌಜಿನಲ್ಲಿ ಇರಲಿಲ್ಲ.”

ನನಗೂ ನಗು ಬಂತು. ಆ ಹುರುಪಿನಲ್ಲಿ ನಮ್ಮ ದೊಡ್ಡಕೆರೆಯ ಕಥೆ ಹೇಳತೊಡಗಿದೆ. ಶಿಸ್ತಿಗೆ ಉದಾಹರಣೆಯಾಗಿ ಅದನ್ನು ಎಷ್ಟೋ ಕಡೆ ಹೇಳಿದ್ದೇನೆ. ನಾಲಿಗೆಗೆ ಅಭ್ಯಾಸವಾಗಿತ್ತು. ಪಕ್ಕದಲ್ಲಿ ಕೂತವನು ಯಾರು ಎಂಬುದನ್ನು ಮರೆತೆ. ನೀರುಗಂಟಿಯೊಬ್ಬ ಮೇಲಿನವರಿಗೆ ತಿಳಿಸದೆ ಕೋಡಿ ಒಡೆದ ಎಂದು ಹಿಂದಿಯಲ್ಲಿ ಹೇಳುತ್ತಿರುವಾಗ ಗೌರಮ್ಮ ಗ್ಲಾಸನ್ನು ಬೆಂಚಿನ ಮೇಲಿಟ್ಟಳು. ಭಾಷೆ ಬಾರದಿದ್ದರೂ ಕಥೆ ಯಾವುದೆಂದು ಅವಳಿಗೆ ತಿಳಿದಿತ್ತು.

“ತಿಳಿಸದೆ ಅನ್ಬ್ಯಾಡ್ರಿ. ಅವತ್ತು ಅವ್ನು ಬಂದಿದ್ದ.”

“ಎಲ್ಲಿಗೆ?”

“ಮನೀಗೆ. ಬಾಗ್ಲಿಗೆ. ನೀವು ಪೂಜೆಗೆ ಕೂತಿದ್ರಿ.”

“ಅಕ್ಕಾ, ಸಾಕು,” ಎಂದ ನಿಂಗಪ್ಪ.

“ಸಾಕಾಗೈತಿ, ಅದಕ್ಕೇ ಹೇಳ್ತಿದೀನಿ. ಹೇಳ್ಬ್ಯಾಡ ಅಂದ ನಿನ್ ಆಣಿ ಹದಿನಾರು ವರ್ಷ ಕಾಯ್ದೆ. ನಿನ್ನೆ ಮೊನ್ನೆ ಹುಟ್ಟಿದ ಹುಡುಗ್ರು ನಮ್ಮಪ್ಪನ ಮನೀನ ಕೆರೆ ಒಡೆದೋರ ಮನೆ ಅಂತವೆ.”

ಅವಳು ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಆ ಬೆಳಗ್ಗೆ ನಿಂಗಪ್ಪ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಮೈಯೆಲ್ಲ ತೊಯ್ದು ಬಂದಿದ್ದ. ತೂಬಿನ ಬುಡದಲ್ಲಿ ಏರಿ ಜಿನುಗುತ್ತಿದೆ, ಬರುತ್ತಿರುವುದು ಕೆಂಪು ನೀರು, ಭಾವನನ್ನು ಕರಿ ಎಂದ. ಅವಳು ಪೂಜೆಯ ಕೋಣೆಯ ಬಾಗಿಲವರೆಗೆ ಬಂದಳು. ಕೈ ಎತ್ತಿದಳು. ಮದುವೆಯಾದ ವಾರದಲ್ಲೇ ನಾನು ಅವಳಿಗೆ ಹೇಳಿದ್ದೆನಂತೆ, ಮನೆಗೆ ಬೆಂಕಿ ಬಿದ್ದರೂ ಆ ಒಂದು ಗಂಟೆ ಕರೆಯಬೇಡ ಎಂದು. ಹೇಳಿದ್ದೆ, ನನಗೆ ನೆನಪಿದೆ. ಅವಳು ಕೈ ಇಳಿಸಿದಳು. ಆರರವರೆಗೆ ತಡಿ ಎಂದು ತಮ್ಮನಿಗೆ ಹೇಳಿದಳು. ಅವನು ತಡೆದ. ಆಮೇಲೆ ಏರಿಯ ಕಡೆಗೆ ಹೋದ.

ಕೆಂಪು ನೀರು ಎಂದರೇನೆಂದು ಓದುವವರಿಗೆ ಹೇಳಬೇಕು. ಏರಿಯಿಂದ ತಿಳಿನೀರು ಜಿನುಗಿದರೆ ಹೆದರಬೇಕಾಗಿಲ್ಲ. ಕೆಂಪಾಗಿ ಬಂದರೆ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದರ್ಥ. ಆಮೇಲೆ ಉಳಿಯುವುದು ಗಂಟೆಯ ಲೆಕ್ಕವಲ್ಲ, ನಿಮಿಷದ ಲೆಕ್ಕ. ನಾನು ಆ ದಿನ ಆರೂ ಕಾಲಿಗೆ ಏರಿಗೆ ಹೋಗುವಷ್ಟರಲ್ಲಿ ನೀರು ಇಳಿದು ಜಿನುಗು ನಿಂತಿತ್ತು. ‘ಏರಿಗೆ ಅಪಾಯದ ಲಕ್ಷಣ ಕಂಡುಬಂದಿಲ್ಲ. ನೀರುಗಂಟಿಯು ಮೇಲ್ವಿಚಾರಕರಿಗೆ ತಿಳಿಸದೆ ಕೋಡಿ ಒಡೆದಿರುತ್ತಾನೆ’ ಎಂದು ಬರೆದೆ. ಆ ಎರಡೂ ವಾಕ್ಯಗಳು ನನಗೆ ಬಾಯಿಪಾಠ. ಏರಿಯ ಕೆಳಗೆ ನಮ್ಮೂರಿನ ಅರ್ಧ ಮನೆಗಳಿದ್ದವು. ನನ್ನ ಮನೆಯೂ ಇತ್ತು.

ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು ನಿಂಗಪ್ಪನನ್ನು ಕೇಳಿದೆ.

“ಏನಂತ ಹೇಳ್ಲಿ? ಸಾಹೇಬ್ರು ಪೂಜೆಗೆ ಕೂತಿದ್ರು ಅಂದ್ರೆ ನಿಮ್ ನೌಕ್ರಿ ಹೋಗ್ತಿತ್ತು. ಅಕ್ಕ ಕರೀಲಿಲ್ಲ ಅಂದ್ರೆ ಅಕ್ಕನ ಸಂಸಾರ ಹೋಗ್ತಿತ್ತು. ಕೋಡಿ ಒಡೆದಿದ್ದು ಸುಳ್ಳಲ್ಲಲ್ಲ.”

ಹವಾಲ್ದಾರ ನಮ್ಮ ಮುಖಗಳನ್ನು ನೋಡಿ, ಕೇಳದೆಯೇ ಇನ್ನೊಂದು ಸುತ್ತು ಚಹಾ ಇಟ್ಟು ಒಳಗೆ ಹೋದ. ಯಾರೂ ಕುಡಿಯಲಿಲ್ಲ. ಎದುರಿಗೆ ಕಟ್ಟೆಯ ಮೇಲೆ ಬಿಳಿಯ ಗಂಡಹೆಂಡಿರು ಹಿಮದ ಬೆಟ್ಟದ ಪಟ ತೆಗೆಯುತ್ತಿದ್ದರು. ನಾನು ನೋಡುತ್ತಿದ್ದುದು ಕಟ್ಟೆಯ ಬುಡವನ್ನು. ಅಲ್ಲಿಂದ ಕೆಂಪು ನೀರು ಬರುತ್ತಿದೆಯೋ ಎಂಬಂತೆ ಕಣ್ಣು ಅಲ್ಲೇ ನಿಂತಿತ್ತು.

ಲಾಡ್ಜಿನ ಮುಂದಿನ ಮೆಟ್ಟಿಲು, ಶನಿವಾರ ಸಂಜೆ

ಮೂರರಿಂದ ನಾಲ್ಕು ನನ್ನ ಮಲಗುವ ವೇಳೆ. ಅಂದು ಮಲಗಲಿಲ್ಲ. ವರಾಂಡದ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು ಕೂತೆ. ನಲವತ್ತು ವರ್ಷ ಕಣ್ಣು ಮುಚ್ಚಿ ಕೂತ ಆ ಒಂದು ಗಂಟೆಯಲ್ಲಿ ಇನ್ನೂ ಏನೇನು ನನ್ನ ಬಾಗಿಲಿಗೆ ಬಂದು ತಿರುಗಿ ಹೋಗಿದೆಯೋ ಎಂಬ ಯೋಚನೆ ಬಂತು. ನಮ್ಮ ಕಡೆಯ ತಾಳಗುಂದದ ಗುಡಿಯ ಮುಂದಿನ ಕಂಬದ ಶಾಸನದಲ್ಲಿ ಕೆರೆ ತೋಡಿಸಿದ ಅರಸನ ಹೆಸರಿದೆ. ಮಕ್ಕಳನ್ನು ಕರೆದೊಯ್ದು ತೋರಿಸಿದ್ದೇನೆ. ಕೆರೆ ಉಳಿಸಿದವನ ಹೆಸರು ನನ್ನ ವರದಿಯಲ್ಲೇ ಇತ್ತು, ತಪ್ಪಿತಸ್ಥನ ಕಾಲಂನಲ್ಲಿ.

ವರದಿಯನ್ನು ವರದಿಯಿಂದಲೇ ತಿದ್ದಬೇಕು. ದಿನಾಂಕ, ಸ್ಥಳ, ಹಾಜರಿದ್ದವರ ಹೆಸರು ಬರೆದೆ. ಗೌರಮ್ಮನ ನೆನಪಿನಂತೆ ಆ ಬೆಳಗ್ಗೆ ಐದೂ ಕಾಲಿಗೆ ನೀರುಗಂಟಿ ನಿಂಗಪ್ಪನು ನನ್ನ ಮನೆಗೆ ಬಂದು ಕೆಂಪು ನೀರಿನ ಸುದ್ದಿ ತಿಳಿಸಿದನೆಂದೂ, ನಾನು ಲಭ್ಯನಿರಲಿಲ್ಲವೆಂದೂ, ಅವನು ಕೋಡಿ ಒಡೆದದ್ದರಿಂದ ಏರಿಯೂ ಊರೂ ಉಳಿದವೆಂದೂ, ನನ್ನ ಹಿಂದಿನ ವರದಿ ತಪ್ಪೆಂದೂ ಬರೆದೆ. ಬಾಗಿನದ ಹಿಂದಿನ ದಿನ ಊರ ಹಿರಿಯರ ಮುಂದೆ ನಾನೇ ನಿಂತು ಇದನ್ನು ಓದುತ್ತೇನೆ ಎಂದು ಕೆಳಗೆ ಸೇರಿಸಿದೆ.

ನಿಂಗಪ್ಪನನ್ನು ಕರೆದು ಪುಸ್ತಕ ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟ.

“ಟೈಮು ತಪ್ಪೈತಿ ರೀ. ಐದೂ ಕಾಲಲ್ಲ, ಐದು ಹತ್ತು. ನಿಮ್ ಪಡಸಾಲಿ ಗಡಿಯಾರ ಕಿಟಕ್ಯಾಗೆ ಕಾಣ್ತಿತ್ತು. ಬಂದಾಗ ಐದು ಹತ್ತು, ಹೊರಟಾಗ ಐದೂವರಿ.”

ಇಪ್ಪತ್ತು ನಿಮಿಷ. ಆ ಮಳೆಯಲ್ಲಿ, ಕೆಂಪು ನೀರು ನೋಡಿ ಬಂದವನು, ನನ್ನ ಜಗಲಿಯ ಮೇಲೆ ಇಪ್ಪತ್ತು ನಿಮಿಷ ನಿಂತಿದ್ದ. ಐದೂ ಕಾಲನ್ನು ಹೊಡೆದು ಐದು ಹತ್ತು ಎಂದು ಬರೆದು, ಹೊರಟ ಗಂಟೆಯನ್ನೂ ಸೇರಿಸಿದೆ. ಅಂಚಿನಲ್ಲಿ ತಿದ್ದುಪಡಿಗೆ ಸಣ್ಣ ಸಹಿ, ಕೆಳಗೆ ದೊಡ್ಡ ಸಹಿ ಹಾಕಿದೆ. ಸಾಕ್ಷಿಯಾಗಿ ಗೌರಮ್ಮ ರುಜು ಮಾಡಿದಳು.

ಐದಾಗಿತ್ತು. ಚೀಲದ ಮೊರವನ್ನು ಈ ಸಲ ನಾನೇ ತೆಗೆದು ಅವನ ಮುಂದೆ ಹಿಡಿದೆ.

“ಈಗ ಪೂಜಿ ಹೊತ್ತಲ್ಲ ಅಲ್ರಿ, ಸಾಹೇಬ್ರೆ?” ಎಂದ. ಗೌರಮ್ಮ ನಕ್ಕಳು, ಕಣ್ಣು ಒರೆಸಿಕೊಂಡಳು. ನಾನು ಅಲ್ಲವೆಂದೆ.

ಮೂವರೂ ಮೆಟ್ಟಿಲಿಳಿದೆವು. ನಿಂಗಪ್ಪ ಮೊಳಕಾಲು ಮುಳುಗುವವರೆಗೆ ಹೋಗಿ, ಬಗ್ಗಿ, ಎರಡೂ ಕೈಯಿಂದ ಮೊರವನ್ನು ನೀರಿಗಿಟ್ಟ. ಅದು ಮುಂದೆ ಹೋಗದೆ ಅವನ ಕಾಲಿಗೇ ಬಂದು ತಾಗುತ್ತಿತ್ತು. ಬೆಳಗಿನ ದೋಣಿಯವಳು ದಡಕ್ಕೆ ಬರುತ್ತಿದ್ದವಳು ನೋಡಿ, ಹುಟ್ಟಿನ ತುದಿಯಿಂದ ಅದನ್ನು ಮೆಲ್ಲಗೆ ನಡುನೀರಿಗೆ ತಳ್ಳಿದಳು.

ಅಲ್ಲೇ ನಿಂತು ಪುಸ್ತಕದಲ್ಲಿ ಬರೆದೆ: ನಮ್ಮ ಗಡಿಯಾರ ಐದು ಗಂಟೆ ಹದಿನೈದು ನಿಮಿಷ, ಇಲ್ಲಿಯ ಗಡಿಯಾರ ಐದೂವರೆ. ಮೊದಲ ಮೊರ ಬಿಡಲಾಯಿತು. ಬಿಟ್ಟವರು: ನೀರುಗಂಟಿ ನಿಂಗಪ್ಪ.